ಡೆಲ್ಫಿನಾಳ ಒಂದೇ ಒಂದು ಕೂಗು

ನಾನು ಒಂದು ಮೈಕು. ಮಿಲಾನಿನ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಸಿಗರೇಟು ಕಾಗದಕ್ಕಿಂತ ತೆಳುವಾದ ಲೋಹದ ಪಟ್ಟಿಯನ್ನು ನನ್ನೊಳಗೆ ಕೂರಿಸುವಾಗ ಕೆಲಸದ ಹೆಂಗಸು ಉಸಿರು ಬಿಗಿಹಿಡಿದಿದ್ದಳು. ನನಗೆ ಸಿಕ್ಕ ಮೊದಲ ದಯೆ ಅದು. ಜೋರಾಗಿ ಊದಿದರೆ ಹರಿದುಹೋಗುವ ಜೀವ ನನ್ನದು.

ಅಲ್ಲಿಂದ ರೋಮಿನ ಡಬ್ಬಿಂಗ್ ಕೋಣೆಗೆ ಬಂದೆ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ವೇಳೆ ಆಡಿದ ಮಾತಿಗೆ ಬೆಲೆಯಿರಲಿಲ್ಲ. ಸಂಭಾಷಣೆ ಮರೆತವರು ಒಂದು, ಎರಡು, ಮೂರು ಎಂದು ತುಟಿಯಾಡಿಸಿದರೂ ನಡೆಯುತ್ತಿತ್ತು. ಆಮೇಲೆ ಬೇರೆ ಯಾರೋ ನನ್ನೆದುರು ನಿಂತು, ಪರದೆ ನೋಡುತ್ತಾ, ಆ ತುಟಿಗಳಿಗೆ ದನಿ ಕೊಡುತ್ತಿದ್ದರು.

ಡೆಲ್ಫಿನಾ ಮೊರಾಂತಿ ಮೊದಲ ಸಲ ಬಂದಾಗ ಅವಳಿಗೆ ಹತ್ತೊಂಬತ್ತು. ನೇಪಲ್ಸಿನಲ್ಲಿ ಮೀನು ಮಾರುವವಳ ಮಗಳು. ಒರಟಾದ, ಬೆಚ್ಚಗಿನ ದನಿಯಲ್ಲಿ ನಾಲ್ಕು ಮಾತಾಡಿದಳು. ನಿರ್ದೇಶಕರು ನಕ್ಕುಬಿಟ್ಟರು.

"ಮುಖ ನೋಡಿದ್ರೆ ಮಹಾರಾಣಿ, ಬಾಯಿ ಬಿಟ್ರೆ ಮೀನು ಮಾರ್ಕೆಟ್ಟು! ಎರ್ಸಿಲಿಯಾನ ಕರೀರಪ್ಪ."

ಎರ್ಸಿಲಿಯಾ ಎಂಬ ಕುಳ್ಳ ಹೆಂಗಸಿನದು ತೊಳೆದಿಟ್ಟ ಗಾಜಿನಂಥ ದನಿ. ಮುಂದೆ ಹದಿನೆಂಟು ವರ್ಷ ಡೆಲ್ಫಿನಾಳ ಮುಖಕ್ಕೆ ಅದೇ ದನಿ. ಊರೂರ ಗೋಡೆಯ ಮೇಲೆ ಡೆಲ್ಫಿನಾಳ ಚಿತ್ರ ಬಂತು, ಪ್ರಶಸ್ತಿಗಳು ಬಂದವು. ಡಬ್ಬಿಂಗ್ ದಿನ ಮಾತ್ರ ಅವಳು ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತು ಕೇಳುತ್ತಿದ್ದಳು. ಎರ್ಸಿಲಿಯಾ ಕೆಮ್ಮಿದರೆ ತಾನೇ ಎದ್ದು ಬಿಸಿನೀರು ತಂದಿಡುತ್ತಿದ್ದಳು.

ಒಂದು ದಿನ ಲೋಟ ಕೊಡುತ್ತಾ ಹೇಳಿದಳು: "ಅಮ್ಮನಿಗೆ ಕಣ್ಣು ಹೋಯ್ತು ಎರ್ಸಿಲಿಯಾ. ಪಕ್ಕದ ಮನೆಯೋರು ನನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ರಂತೆ. ಪೂರ್ತಿ ಕೂತಿದ್ದು, 'ನನ್ನ ಮಗಳು ಎಲ್ಲಿ? ಬರೀ ಯಾರೋ ದೊಡ್ಡಮನೆ ಹೆಂಗಸೇ ಮಾತಾಡಿದ್ಳಲ್ಲ' ಅಂದ್ಳಂತೆ. ಒಂದೇ ಒಂದು ಸಲ ಅವಳಿಗೆ ನನ್ನ ದನಿ ಕೇಳಿಸ್ಬೇಕು."

ಎರ್ಸಿಲಿಯಾ ನೀರು ಕುಡಿಯಲಿಲ್ಲ.

ಮರುವಾರ ಹೊಸ ಚಿತ್ರದ ಡಬ್ಬಿಂಗ್. ಎರ್ಸಿಲಿಯಾ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದು, ಗಂಟಲು ಕಟ್ಟಿದೆಯೆಂದು ಕೈಸನ್ನೆ ಮಾಡಿದಳು. ತುಸು ಮುಂಚೆ ನನ್ನ ಪಕ್ಕದಲ್ಲೇ ಅವಳು ಹಾಡು ಗುನುಗಿದ್ದಳು. ಧ್ವನಿಮುದ್ರಣದ ಗಸ್ಪಾರೆಗೂ ಅದು ಕೇಳಿಸಿತ್ತು. ಅವನು ಕನ್ನಡಕ ಒರೆಸಿಕೊಳ್ಳುತ್ತಾ, "ಸರಿ ಡೆಲ್ಫಿನಾ, ನೀನೇ ನಿಂತ್ಕೋ ತಾಯಿ" ಎಂದ.

ಇಡೀ ಚಿತ್ರಕ್ಕೆ ಅವಳೇ ದನಿ ಕೊಟ್ಟಳು. ಕೊನೆಯ ದೃಶ್ಯದಲ್ಲಿ ಹಡಗು ದಡ ಬಿಡುತ್ತದೆ, ನಾಯಕಿ ತಾಯಿಯನ್ನು ಕೂಗುತ್ತಾಳೆ. "ಅಮ್ಮಾ!" ನನ್ನ ಪಟ್ಟಿ ಹರಿದೇಹೋಯಿತೇನೋ ಅನ್ನಿಸಿತು.

ಮೂರನೆಯ ದಿನ ನಿರ್ಮಾಪಕರು ಕೇಳಿ ಕಿರುಚಾಡಿದರು. ಜನ ಒಪ್ಪುವುದಿಲ್ಲ, ಎಲ್ಲ ಅಳಿಸಿ ಎಂದರು. ಎರ್ಸಿಲಿಯಾ ತಲೆ ತಗ್ಗಿಸಿಕೊಂಡೇ ಎಲ್ಲ ಸಂಭಾಷಣೆಯನ್ನೂ ತನ್ನ ದನಿಯಲ್ಲಿ ಮತ್ತೆ ಹೇಳಿದಳು. ಕೂಗಿನ ಹತ್ತಿರ ನಿಂತುಬಿಟ್ಟಳು.

"ಇದು ನನ್ನಿಂದ ಆಗಲ್ಲ."

"ಒಂದೇ ಮಾತು ಕಣಮ್ಮ!"

"ಅದಕ್ಕೇ ಆಗಲ್ಲ."

ಗಸ್ಪಾರೆ ಅಡ್ಡಬಂದ: "ಇರ್ಲಿ ಬಿಡಿ ಸಾರ್, ಹಡಗಿನ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತೆ?"

ಕೂಗು ಉಳಿಯಿತು. ಚಿತ್ರ ನವೆಂಬರಿನಲ್ಲಿ ತೆರೆಕಂಡಿತು. ಡೆಲ್ಫಿನಾಳ ತಾಯಿ ಅಕ್ಟೋಬರಿನ ಕೊನೆಯ ವಾರವೇ ತೀರಿಕೊಂಡಿದ್ದಳು.

ಡೆಲ್ಫಿನಾ ಒಮ್ಮೆ ಖಾಲಿ ಕೋಣೆಗೆ ಬಂದು, ತನ್ನ ಬೀದಿಯ ಮಾತಿನಲ್ಲಿ ನನ್ನ ಹತ್ತಿರ ಹೇಳಿದಳು: "ನಾನೇ ಕಣಮ್ಮ." ಧ್ವನಿಮುದ್ರಣದ ಯಂತ್ರ ನಿಂತಿತ್ತು. ದನಿಯನ್ನು ದಾಟಿಸುವುದಷ್ಟೇ ನನಗೆ ಗೊತ್ತು, ಹಿಡಿದಿಡುವುದು ಗೊತ್ತಿಲ್ಲ. ಆ ಮಾತು ನನ್ನ ಪಟ್ಟಿಯಲ್ಲಿ ಒಂದು ಕ್ಷಣ ನಡುಗಿ ಮರೆಯಾಯಿತು.

ವರ್ಷಗಳಾದ ಮೇಲೆ ಡಬ್ಬಿಂಗ್ ಕೋಣೆ ಮುಚ್ಚಿದರು. ಸಾಗಿಸುವಾಗ ಯಾರೋ ಬೀಳಿಸಿ ನನ್ನ ಪಟ್ಟಿ ಹರಿಯಿತು. ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ, ನಿಂತುಹೋದ ಗಡಿಯಾರಗಳ ನಡುವೆ ಇದ್ದೇನೆ. ಕಳೆದ ಚಳಿಗಾಲದಲ್ಲಿ ಡೆಲ್ಫಿನಾ ತೀರಿಕೊಂಡಾಗ ಅಂಗಡಿಯ ಟೀವಿಯಲ್ಲಿ ದಿನವಿಡೀ ಅವಳ ಚಿತ್ರಗಳು. ಬಂದವರೆಲ್ಲ, "ಎಂಥಾ ದನಿ ಇತ್ತಪ್ಪ ಅವಳದು!" ಎಂದರು. ಅಂಗಡಿಯ ಮುದುಕ ಮೆಲ್ಲಗೆ ನನ್ನ ಧೂಳು ಒರೆಸುತ್ತಿದ್ದಾಗ ಹಡಗಿನ ದೃಶ್ಯ ಬಂತು. ಅವನ ಕೈ ನಿಂತಿತು.

"ಇದ್ಯಾರು ಕೂಗಿದ್ದು?"

ಅವಳೇ, ಎಂದು ಹೇಳಬೇಕೆನಿಸಿತು. ಮೈಕಿಗೆ ಸ್ವಂತ ದನಿ ಇಲ್ಲ.