ಉಲ್ಟಾ ಸಿಕ್ಕಿಸಿದ ಕೇಬಲ್

ಓಮರಾಮ ಎಂಬ ಊರಿನ ಬಯಲಲ್ಲಿ, ಹಳೇ ಬಸ್ಸನ್ನೇ ಮನೆ ಮಾಡಿಕೊಂಡು ತಿರುಗುವವರು ಸೇರಿದಾಗ ಒಂದು ರೂಢಿ. ಯಾರಾದರೂ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಸಾಕು, ಉಳಿದವರೆಲ್ಲ ಮಡಚುವ ಕುರ್ಚಿ, ಚಹಾದ ಮಗ್ಗು ಹಿಡಿದು ಹಾಜರು. ಕೈ ಹಾಕುವವನೊಬ್ಬ, ಬಾಯಿ ಹಾಕುವವರು ಊರ ತುಂಬ!

ಆ ಬೆಳಿಗ್ಗೆ ಬಿಚ್ಚಿದ್ದು ಡೆಸ್ಮಂಡನ ಬಸ್ಸು. ಹೀಟರಿನ ಕೇಬಲನ್ನು ಚಳಿಗೆ ಮುಂಚೆ ಅವನೇ ಬದಲಿಸಿದ್ದ. ಅಲ್ಲಿಂದಾಚೆ ಲಿವರನ್ನು ಬಿಸಿಯ ಕೆಂಪು ಗುರುತಿಗೆ ಎಷ್ಟು ಎಳೆದರೂ ತಣ್ಣನೆ ಗಾಳಿ. ಹೆಂಡತಿ ನೋಲೀನ್ ಚಳಿಗಾಲವಿಡೀ ಕಾಲಿಗೆ ಎರಡು ಕಂಬಳಿ ಸುತ್ತಿಕೊಂಡೇ ಕೂತಿದ್ದಳು. ಯಾರಿಗಾದರೂ ತೋರಿಸೋಣ ಎಂದು ಅವಳು ಅಂದರೆ ಇವನಿಗೆ ಎಲ್ಲಿಲ್ಲದ ಸಿಟ್ಟು.

"ಇವಳನ್ನ ಒಲೆಯೊಳಗೆ ಕೂರಿಸಿದ್ರೂ ಶಾಲು ಕೇಳ್ತಾಳೆ ಮಾರಾಯ್ರೇ," ಎಂದು ಈಗಲೂ ಹೇಳಿದ. ಎಲ್ಲರೂ ನಕ್ಕರು. ನೋಲೀನ್ ಕೂಡ ನಕ್ಕಳು.

ತಾನಾಗಿ ಬಂದು ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದ್ದ ಗೆಳೆಯ ಆಲ್ಬಿ ಒಮ್ಮೆಲೇ ಕೂಗಿದ: "ಲೋ ಡೆಸ್, ಕೇಬಲ್ ಉಲ್ಟಾ ಸಿಕ್ಕಿಸಿದಾರಲ್ಲೋ! ಕೆಂಪಿಗೆ ಎಳೆದ್ರೆ ಬಿಸಿನೀರು ಬಂದ್ ಆಗುತ್ತೆ. ಒಂದ್ಸಲ ನೀಲಿಗೆ ತಳ್ಳಿದ್ದಿದ್ರೆ ಬೆಚ್ಚಗಿರ್ತಿದ್ರಿ. ಯಾವ ಜಾಣನ ಕೆಲಸ ಇದು?"

ಡೆಸ್ಮಂಡನ ಮುಖ ಕೆಂಪೇರಿತು. "ನೋಲೀನ್ ಸಿಕ್ಕಿಸಿದ್ದು," ಎಂದುಬಿಟ್ಟ. "ನಾನು ಬರೀ ಟಾರ್ಚ್ ಹಿಡಿದಿದ್ದೆ."

ಟಾರ್ಚ್ ಹಿಡಿದಿದ್ದವಳು ಅವಳು. ಅವನ ಮುಖವನ್ನೊಮ್ಮೆ ನೋಡಿ, "ಹೂಂ, ನಂದೇ ತಪ್ಪು," ಎಂದಳು. ಮತ್ತೆ ನಗೆಯೋ ನಗೆ. ಥೂ, ಎಂಥ ಮಾತು ಆಡಿಬಿಟ್ಟೆ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಎಲ್ಲರ ಜೊತೆ ತಾನೂ ನಕ್ಕ.

ಆಲ್ಬಿ ಕೇಬಲನ್ನು ಆಚೆ ಬದಿಗೆ ಸಿಕ್ಕಿಸಿದ್ದೇ ತಡ, ಹೀಟರ್ ಸರಿಹೋಯಿತು. ಗಂಡ ಹೆಂಡತಿ ಹೊರಟಾಗ ಬಸ್ಸಿನೊಳಗೆಲ್ಲ ಬೆಚ್ಚನೆ ಗಾಳಿ. ನೋಲೀನ್ ಮಾತ್ರ ಕಾಲಿಗೆ ಎರಡೂ ಕಂಬಳಿ ಸುತ್ತಿಕೊಂಡೇ ಕೂತಿದ್ದಳು.

"ಬಿಸಿ ಬರ್ತಿದೆಯಲ್ಲ, ಕಂಬಳಿ ತೆಗಿ."

"ಇರ್ಲಿ ಬಿಡು ಡೆಸ್. ಮುಂದಿನ ಸಲ ಅವರನ್ನ ನಗಿಸೋಕೆ ನಿಂಗೆ ಏನಾದ್ರೂ ಬೇಕಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಭೂಮಿಯಾದರೂ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ಮುಂದೆ ಸಿಕ್ಕ ಕುರಿದೊಡ್ಡಿಯ ಗೇಟಿನ ಹತ್ತಿರ ಬಸ್ಸನ್ನು ತಿರುಗಿಸಿದ.

"ಎಲ್ಲಿಗೋ?"

"ವಾಪಸ್. ಅವರು ಕುರ್ಚಿ ಮಡಚೋ ಮುಂಚೆ ಹೇಳ್ಬೇಕು, ಸಿಕ್ಕಿಸಿದ್ದು ನಾನೇ ಅಂತ."

ಸ್ವಲ್ಪ ದೂರ ಹೋದ ಮೇಲೆ ನೋಲೀನ್ ಒಂದು ಕಂಬಳಿ ತೆಗೆದು ಮಡಚಿದಳು. ಇನ್ನೊಂದು ಕಾಲ ಮೇಲೇ ಇತ್ತು.