ಪಕ್ಕದ ಮನೆಯ ಚಪ್ಪರದಡಿ ಸುಟ್ಟ ಕಾರು

ನನ್ನ ಗಂಡ ಶುಕ್ರಿಗೆ ಮರ್ಯಾದೆ ಅಂದರೆ ನಾಲ್ಕು ಜನರ ಕಣ್ಣಿಗೆ ಬೀಳುವ ಸಾಮಾನು, ಅಷ್ಟೇ. ಆವತ್ತು ಬೆಳಿಗ್ಗೆ ನಮ್ಮ ಬ್ಯಾಟರಿ ಕಾರು ಬಾಗಿಲೆದುರೇ ಹೊತ್ತಿ ಉರಿಯಿತು. ಮಧ್ಯಾಹ್ನದ ಮೇಲೆ ಮಗಳು ರನೀಮಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಬರುವವರಿದ್ದರು.

ಅಗ್ನಿಶಾಮಕದವರು ನೀರು ಸುರಿದೂ ಸುರಿದೂ ಆರಿಸಿ, ಕಾರನ್ನು ಎದುರಿನ ಬಯಲಿಗೆ ಎಳೆದು ನಿಲ್ಲಿಸಿದರು. "ಆರಿದೆ ಅಂತ ನಂಬ್ಬೇಡಿ, ಒಳಗಿನ ಬ್ಯಾಟರಿ ಮತ್ತೆ ಹೊತ್ಕೊಳ್ಳುತ್ತೆ. ಇಲ್ಲೇ ಬಯಲಲ್ಲಿರ್ಲಿ. ಮೇಲೆ ಏನೂ ಹೊದಿಸ್ಬೇಡಿ. ಆ ಬೂದಿ, ಕಪ್ಪು ನೀರು ಯಾರೂ ಬರಿಗೈಲಿ ಮುಟ್ಬೇಡಿ. ನಾಳೆ ನಮ್ಮೋರು ಬಂದು ಒಯ್ತಾರೆ" ಎಂದರು.

ಅವರ ವಾಹನ ತಿರುವು ದಾಟಿದ್ದೇ ತಡ, ಶುಕ್ರಿ ಪಕ್ಕದ ಮನೆಯ ಅಬು ನಿಮರ್ ಹತ್ತಿರ ಓಡಿದ.

"ನಿಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ಇಡ್ತೀನಿ ಅಣ್ಣ. ಸಂಜೆವರೆಗೆ ಅಷ್ಟೇ. ಬರೋರ ಕಣ್ಣಿಗೆ ಬೀಳ್ಬಾರ್ದು."

"ಅವರು ಬೇಡ ಅಂದ್ರಲ್ಲಪ್ಪ..."

"ಹೆಣ್ಣುಮಗಳ ವಿಷಯ, ಅಣ್ಣ."

ಈ ಮಾತಿಗೆ ನಮ್ಮ ಮಾದಬಾ ಊರಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಶುಕ್ರಿ ಕಾರನ್ನು ಅಲ್ಲಿಗೆ ಎಳೆಸಿ ಟಾರ್ಪಾಲು ಹೊದಿಸಿದ.

ಬಂದವರಲ್ಲಿ ಹಿರಿಯರಾದ ತಲಾಲ್ ಒಳಗೆ ಕಾಲಿಡುತ್ತಲೇ ಮೂಗು ಮುಚ್ಚಿಕೊಂಡರು. "ಏನಪ್ಪ ಇದು ಸುಟ್ಟ ವಾಸನೆ?"

"ಪಕ್ಕದ ಅಬು ನಿಮರ್ ಕಾರು. ಪಾಪ!" ಅಂದುಬಿಟ್ಟ ನನ್ನ ಗಂಡ.

ಪರದೆಯ ಹಿಂದಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಪಾಪದ ಅಬು ನಿಮರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಮ್ಮ ಕಡೆಯವರಾಗಿ ಕೂತರು.

ತಲಾಲ್ ಕಾಫಿ ಬಟ್ಟಲನ್ನು ಕುಡಿಯದೆ ಮುಂದಿಟ್ಟುಕೊಂಡರು. ನಮ್ಮಲ್ಲಿ ಹೆಣ್ಣಿನ ತಂದೆ "ಕುಡೀರಿ" ಎಂದರೆ ಒಪ್ಪಿದಂತೆ. ಅಲ್ಲಿಯವರೆಗೆ ಯಾರೂ ಗುಟುಕರಿಸುವುದಿಲ್ಲ. ಶುಕ್ರಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗಲೇ ಹೊರಗೆ ಪಟಪಟ ಸಿಡಿದ ಸದ್ದು. ಬುಸ್ಸೆಂದು ಬಿಳಿ ಹೊಗೆ ಎದ್ದಿತು.

ಶುಕ್ರಿ ಬಕೆಟ್ ಹಿಡಿದು ನುಗ್ಗಿದ. ಅಬು ನಿಮರ್ ಅವನ ತೋಳು ಹಿಡಿದು ಎಳೆದರು. "ಹತ್ರ ಹೋಗ್ಬೇಡ ಮಾರಾಯ, ಆ ಹೊಗೆ ವಿಷ! ಎಲ್ಲಾ ಗಾಳಿ ಬರೋ ಕಡೆ ಬನ್ನಿ, ದೂರ!" ಅವರೇ ಅಗ್ನಿಶಾಮಕದವರಿಗೆ ಫೋನು ಮಾಡಿದರು. ಅವರಪ್ಪ ನೆಟ್ಟಿದ್ದ ಬಳ್ಳಿ ಕಣ್ಣೆದುರೇ ಸುಟ್ಟುಹೋಯಿತು.

ತಲಾಲ್ ಅಬು ನಿಮರ್ ಮೇಲೇ ಹರಿಹಾಯ್ದರು. "ಸುಟ್ಟ ಬ್ಯಾಟರಿ ಮೇಲೆ ಟಾರ್ಪಾಲು ಹೊದಿಸ್ತಾರೇನ್ರೀ? ನಿಮ್ಮ ಕಾರು ನೋಡ್ಕೊಳ್ಳೋಕೆ ನಿಮಗೇ ಬರಲ್ವಾ?"

ನಿಮ್ಮ ಕಾರು ಎಂಬ ಮಾತಿಗೆ ಅಬು ನಿಮರ್ ಶುಕ್ರಿಯ ಮುಖ ನೋಡಿದರು. ಅವನು ತನ್ನ ಬೂಟು ನೋಡುತ್ತಿದ್ದ.

"ಹೌದು, ನನ್ನದೇ ತಪ್ಪು" ಅಂದರು ಅಬು ನಿಮರ್.

ಬೆಂಕಿ ಆರಿಸಿ, ಕಾರನ್ನು ಮತ್ತೆ ಬಯಲಿಗೆ ಎಳೆದದ್ದಾಯಿತು. ಎಲ್ಲರೂ ಒಳಗೆ ಬಂದು ಕೂತರು. ನಾನು ಹೊಸ ಕಾಫಿ ಕಳಿಸಿದೆ. ರನೀಮ್ ನನ್ನ ಕೈ ಹಿಡಿದು, "ಅಮ್ಮ, ಅಪ್ಪ ನಿಜ ಹೇಳ್ತಾರೆ ಅಲ್ವಾ?" ಅಂದಳು. ಅಂಥವನ ಹೆಂಡತಿ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು.

ತಲಾಲ್ ಮತ್ತೆ ಬಟ್ಟಲು ಮುಂದಿಟ್ಟುಕೊಂಡರು. "ಹೇಳಿ ಶುಕ್ರಿ, ಹುಡುಗಿ ಕೊಡ್ತೀರಾ?"

ಶುಕ್ರಿ ಬಾಯಿ ತೆರೆದ. "ಕಾರು ನಂದು" ಅಂದ. "ಹೊದಿಸಿದ್ದೂ ನಾನೇ. ಈ ಅಣ್ಣ ಬೇಡ ಅಂದಿದ್ರು."

ತಲಾಲ್ ಅವನನ್ನೊಮ್ಮೆ ನೋಡಿದರು. ಆಮೇಲೆ ಬಟ್ಟಲು ಎತ್ತಿಕೊಂಡು ಅಬು ನಿಮರ್ ಕಡೆ ತಿರುಗಿ ಕೂತರು.

"ಅಬು ನಿಮರ್, ಹುಡುಗೀನ ನಿಮ್ಮನ್ನ ಕೇಳ್ತಿದ್ದೀನಿ. ಕೊಡ್ತೀರಾ?"

ಅಬು ನಿಮರ್ ಪರದೆಯ ಕಡೆ ನೋಡಿದರು. ರನೀಮ್ ಪರದೆ ಸರಿಸಿ, ಅಳುತ್ತಲೇ ಹೂಂ ಎಂದು ತಲೆ ಆಡಿಸಿದಳು.

"ಕುಡೀರಿ" ಅಂದರು ಅವರು.

ಎಲ್ಲರೂ ಕುಡಿದರು. ನನ್ನ ಗಂಡ ತನ್ನ ಮನೆಯಲ್ಲೇ ಕಾಫಿ ಹೂಜಿ ಹಿಡಿದು, ಒಬ್ಬೊಬ್ಬರ ಮುಂದೂ ಬಗ್ಗಿ, ಖಾಲಿಯಾದ ಬಟ್ಟಲು ತುಂಬುತ್ತಾ ಹೋದ.