ಅರಿಶಿನದ ಕಲೆ

"ತಳದ ಕಲ್ಲು ಕಾಣ್ತಿದೆ ನೋಡಿ. ಇದಕ್ಕಿಂತ ಶುದ್ಧ ನೀರು ಬೇಕಾ?" ಎಂದು ಕಲ್ಲಿದ್ದಲು ಗಣಿಯ ಮಾಲೀಕ ಶೆಂಫಾಂಗ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕಲ್ಲು ಕಾಣದೆ ಏನು? ಮರೆಮಾಡಲು ಪಾಚಿಯಿಲ್ಲ, ಮೀನಿಲ್ಲ, ಏಡಿಯೂ ಇಲ್ಲ. ಯಾರೂ ಉಣ್ಣದ ಮನೆಯ ತಟ್ಟೆಗಳೂ ಹೀಗೇ ಫಳಫಳ ಹೊಳೆಯುತ್ತವೆ.

ಅದರ ಹಿಂದಿನ ಮಳೆಗಾಲದಲ್ಲಿ ಅವನು ಕಾಲುವೆ ತೋಡಿ ಗಣಿಯ ಹುಳಿ ನೀರನ್ನು ನಮ್ಮ ಹೊಳೆಗೆ ಬಿಟ್ಟಿದ್ದ. ಅದೇ ಹೊಳೆಯ ನೀರು ಬಿದಿರಿನ ಕೊಳವೆಗಳಲ್ಲಿ ಇಳಿದು ನನ್ನ ಗದ್ದೆಗೆ ಬರುತ್ತಿತ್ತು. ಸಸಿಗಳ ಬೇರು ತುಕ್ಕು ಹಿಡಿದ ಮೊಳೆಯಂತಾಗಿ ಕೊಳೆತವು. ನಾಟಿಗೆ ಇಳಿದ ಮಗಳು ಇಬಾನ್ರಿಯ ಪಾದಗಳು ಬಿರಿದವು. ಎಣ್ಣೆ ಹಚ್ಚಿದರೆ ತುಟಿ ಕಚ್ಚಿಕೊಂಡು ಕೂರುತ್ತಿದ್ದಳು. ನಮ್ಮ ಪದ್ಧತಿಯಂತೆ ಕಿರಿಮಗಳೆಂದು ಅಮ್ಮನಿಂದ ನನಗೆ ಬಂದ ಗದ್ದೆ ಅದು, ನನ್ನಿಂದ ಇವಳಿಗೆ ಹೋಗಬೇಕಾದದ್ದು.

ಶನಿವಾರ ಊರ ಸಭೆ, ಅಂದರೆ ದರ್ಬಾರು, ಸೇರುವುದೆಂದಾಯಿತು. ಜಿಲ್ಲೆಯ ಸಾಹೇಬರು ಬಂದು ನೀರು ಪರೀಕ್ಷಿಸುತ್ತಾರೆ. ಕೆಟ್ಟಿದೆ ಎಂದರೆ ಗಣಿಯ ಕಾಲುವೆಯನ್ನು ಮುಚ್ಚಬೇಕು. ಚೆನ್ನಾಗಿದೆ ಎಂದರೆ ಅದು ಹರಿಯುತ್ತಲೇ ಇರುತ್ತದೆ, ನನ್ನ ಗದ್ದೆಯ ಕಥೆ ಮುಗಿಯಿತು.

ಗದ್ದೆ ಹೆಂಗಸಿನದು, ಆದರೆ ದರ್ಬಾರಿನಲ್ಲಿ ಹೆಂಗಸು ಬಾಯಿ ತೆರೆಯುವಂತಿಲ್ಲ. ನನ್ನ ಪರವಾಗಿ ಮಾತಾಡಬೇಕಾದವರು ಸೋದರಮಾವ ಕ್ಮೆನ್‌ಲಾಂಗ್. ಅವರು ಓಡಿಸುವುದು ಶೆಂಫಾಂಗನ ಲಾರಿ.

"ಮಾಮ, ಸಸಿ ಕೊಳೆತಿದ್ದನ್ನ ಹೇಳ್ತೀರಲ್ಲ?"

"ಹೇಳ್ದೆ ಇರ್ತೀನಾ ಪ್ರೋಲಿನ್? ಆದ್ರೂ ಸಸಿ ಅಂದ್ಮೇಲೆ ಕೆಲವು ಬೆಳೀತಾವೆ, ಕೆಲವು ಕೊಳೀತಾವೆ."

ಇಷ್ಟು ಆಳವಾದ ವಿಚಾರವನ್ನು ಲಾರಿಯ ಸೀಟಿನ ಮೇಲೆ ಕೂತವರು ಮಾತ್ರ ಹೇಳಬಲ್ಲರು.

ಶುಕ್ರವಾರ ಬೆಳಗ್ಗೆಯೆಲ್ಲ ಅರಿಶಿನ ಹೆಚ್ಚಿ ಒಣಹಾಕಿದೆ. ಸೊಂಟಕ್ಕೆ ಕಟ್ಟಿಕೊಂಡಿದ್ದ ಹಳೇ ಬಿಳಿ ಬಟ್ಟೆ ಪೂರ್ತಿ ಹಳದಿಯಾಗಿತ್ತು. ನನ್ನ ಗಂಡುಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಗೆ ಹೋಗಿ ಬಟ್ಟೆ ಅದ್ದಿದೆ. ಅದು ರಕ್ತದ ಹಾಗೆ ಕೆಂಪಾಯಿತು. ಕೈ ಕೊಯ್ದುಕೊಂಡೆನೋ ಎಂದು ಹತ್ತು ಬೆರಳನ್ನೂ ತಿರುಗಿಸಿ ನೋಡಿದೆ. ಆಮೇಲೆ ತಲೆಯೆತ್ತಿದರೆ, ಮೇಲಿನ ಬಂಡೆಗಳೆಲ್ಲ ಬೆಳ್ಳಗೆ. ಇನ್ನೂ ಸ್ವಲ್ಪ ಹತ್ತಿದರೆ ಪೊದೆಯ ಹಿಂದೆ ಸುಣ್ಣದ ಖಾಲಿ ಚೀಲಗಳ ರಾಶಿ.

ಪರೀಕ್ಷೆಯಲ್ಲಿ ಹೊಳೆ ಪಾಸಾಗಲಿ ಎಂದು ಮಾಲೀಕ ಅದಕ್ಕೆ ಸುಣ್ಣ ತಿನ್ನಿಸಿದ್ದ. ನೀರಿನ ಹುಳಿ ಮುರಿಯಲು ಒಂದಿಷ್ಟು ಸಾಕಿತ್ತು. ಆದರೆ ಕೊಡುಗೈ ದೊರೆ, ಮನಸಾರೆ ಸುರಿಸಿದ್ದ.

ಶನಿವಾರ ಸಾಹೇಬರು ಕಾಗದದ ಪಟ್ಟಿಯನ್ನು ಹೊಳೆಯಿಂದ ತಂದ ನೀರಿಗೆ ಅದ್ದಿ, ಕನ್ನಡಕ ಸರಿಮಾಡಿಕೊಂಡು, "ಹುಳಿಯ ಅಂಶ ಸ್ವಲ್ಪವೂ ಇಲ್ಲ" ಎಂದರು. ಶೆಂಫಾಂಗ್ ತಳದ ಕಲ್ಲಿನ ಮಾತನ್ನು ಮತ್ತೊಮ್ಮೆ ಆಡಿದ. ಗದ್ದೆಯ ಪರವಾಗಿ ಎದ್ದ ಮಾಮ ಗಂಟಲು ಸರಿಮಾಡಿಕೊಂಡು, "ಸಾಹೇಬ್ರು ಓದಿದೋರು" ಎಂದಷ್ಟೇ ಹೇಳಿ ಕೂತರು.

ದರ್ಬಾರಿಗೆ ಎಲೆ-ಅಡಿಕೆ ಕೊಡಲು ಮಾತ್ರ ಹೆಂಗಸರು ಒಳಗೆ ಬರಬಹುದು. ನಾನು ತಟ್ಟೆ ಹಿಡಿದು ಹೋದೆ. ಮೇಲೆ ಮುಚ್ಚಿದ್ದು ಆ ಕೆಂಪು ಬಟ್ಟೆ. ಅದರ ಪಕ್ಕಕ್ಕೆ ಒಂದು ಹಸಿ ಅರಿಶಿನದ ಚೂರು.

"ಇದೇನಮ್ಮಾ, ಕುರಿ ಕಡಿದಿರಾ?" ಎಂದರು ಸಾಹೇಬರು.

ಮಾಮ ಹೌಹಾರಿದರು. "ಏಯ್, ಇಲ್ಲಿ ಮಾತಾಡ್ಬಾರ್ದು ನೀನು!"

"ಮಾತಾಡ್ತಿಲ್ಲ ಮಾಮ. ಅಡಿಕೆ ಕೊಡ್ತಿದೀನಿ. ಬಟ್ಟೆ ಅರಿಶಿನದ್ದು, ನಿನ್ನೆ ಹೊಳೇಲಿ ಒಗೆದದ್ದು."

ದರ್ಬಾರು ನಡೆಸುವ ಊರ ಹಿರಿಯರಿಗೆ ಎಂಬತ್ತಾಗಿದೆ. ಅದರಲ್ಲಿ ಎಪ್ಪತ್ತು ವರ್ಷ ಸುಣ್ಣ ಹಚ್ಚಿದ ಎಲೆ ಜಗಿದವರು. ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಹಳದಿ ಚೂರಿಗೆ ಒತ್ತಿದರು. ಕೆಂಪಾಯಿತು. ಅದನ್ನೂ ಬಟ್ಟೆಯನ್ನೂ ಜೊತೆಗಿಟ್ಟು ನೋಡಿದರು.

"ಶೆಂಫಾಂಗ್, ನಮ್ಮ ಹೊಳೆ ಯಾವಾಗಿಂದ ಎಲೆ-ಅಡಿಕೆ ಹಾಕ್ಕೊಳ್ತಿದೆಯಪ್ಪಾ?"

ಇಡೀ ದರ್ಬಾರು ನಕ್ಕಿತು. ಹೊರಗೆ ಕಿಟಕಿಯ ಹತ್ತಿರ ನಿಂತಿದ್ದ ಹೆಂಗಸರಂತೂ ಸೆರಗು ಬಾಯಿಗೆ ತುರುಕಿಕೊಂಡರು.

"ಯಾರೋ... ಮೀನಿಗೆ ಅಂತ ಸುಣ್ಣ ಹಾಕಿರಬೇಕು," ಎಂದ ಶೆಂಫಾಂಗ್.

"ಯಾವ ಮೀನಿಗೆ?" ಎಂದು ಕಿಟಕಿಯಿಂದ ಒಂದು ದನಿ ಬಂತು. ಅದು ನಿಯಮಕ್ಕೆ ವಿರುದ್ಧ, ಆದರೂ ಯಾರೂ ಗದರಲಿಲ್ಲ.

ಹಿರಿಯರು ದರ್ಬಾರನ್ನು ಬುಧವಾರಕ್ಕೆ, ಹೊಳೆಯ ದಂಡೆಗೇ ಮುಂದೂಡಿದರು. ಅಲ್ಲಿಯವರೆಗೆ ಹೊಳೆಗೆ ಯಾರೂ ಏನೂ ಹಾಕದಂತೆ ಇಬ್ಬರನ್ನು ಕಾವಲಿಗಿಟ್ಟರು. ಸಾಹೇಬರು ಮತ್ತೆ ಬರಲು ಒಪ್ಪಿದರು. ಅವರ ಮುಖವೂ ಸ್ವಲ್ಪ ಅರಿಶಿನ-ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಬುಧವಾರ ಹಿರಿಯರು ಅದೇ ಕೆಂಪು ಬಟ್ಟೆಯನ್ನು ಮಾಮನ ಕೈಗೆ ಕೊಟ್ಟರು. "ಗದ್ದೆ ಪರವಾಗಿ ಮಾತಾಡೋನು ನೀನು ತಾನೇ? ಅದ್ದು."

ಮಾಮ ಬಗ್ಗಿ ಅದ್ದಿದರು. ನಾಲ್ಕು ದಿನದಲ್ಲಿ ಸುಣ್ಣ ತೊಳೆದುಹೋಗಿತ್ತು. ಹುಳಿ ನೀರು ತಾಗಿದ್ದೇ ಬಟ್ಟೆ ಮತ್ತೆ ಹಳದಿಯಾಗಿ, ನೀರು ಅವರ ಬೆರಳುಗಳಿಂದ ತೊಟ್ಟಿಕ್ಕಿತು. ಸಾಹೇಬರ ಪಟ್ಟಿಯೂ ಈ ಸಲ ಬೇರೆ ಮಾತಾಡಿತು.

"ಹೇಳು," ಎಂದರು ಹಿರಿಯರು.

ಮಾಮ ಶೆಂಫಾಂಗನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಕಾಲುವೆ ಮುಚ್ಚಬೇಕು," ಎಂದರು. ಲಾರಿಯ ಕೀಲಿ ಆವತ್ತೇ ಹೋಯಿತು. ಕಾಲುವೆ ಮುಚ್ಚಲು ಮಣ್ಣು ಹೊರುವ ಸಾಲಿನಲ್ಲಿ ಅವರೇ ಮೊದಲಿಗರಾಗಿ ನಿಂತರು. ಬೇರೆ ಕೆಲಸವೂ ಇರಲಿಲ್ಲವಲ್ಲ.

ಎರಡು ಮಳೆಗಾಲ ಬಂದು ಹೋಗಿವೆ. ನಾನು ಇನ್ನೂ ಬಿದಿರಿನ ಕೊಳವೆಯನ್ನು ಮತ್ತೆ ಗದ್ದೆಗೆ ತಿರುಗಿಸಿಲ್ಲ. ವಾರಕ್ಕೊಮ್ಮೆ ಬಟ್ಟೆಯನ್ನು ಸುಣ್ಣದಿಂದ ಕೆಂಪು ಮಾಡಿ, ಕೆಂಪು ಉಳಿಯುತ್ತದೋ ಎಂದು ಅದ್ದಿ ನೋಡುತ್ತೇನೆ.

"ಅಮ್ಮಾ, ಕಾಲಿಡ್ಲಾ?" ಎಂದು ಇಬಾನ್ರಿ ದಂಡೆಯಿಂದ ಕೂಗುತ್ತಾಳೆ.

"ತಾಳು ಮಗಳೇ, ಇನ್ನೊಂದು ಸ್ವಲ್ಪ."

ನಿನ್ನೆ ತಳದ ಕಲ್ಲೊಂದು ಸರಿಯಾಗಿ ಕಾಣಲಿಲ್ಲ. ಮೇಲೆ ಹಸಿರು ಪಾಚಿ ಹಿಡಿದಿತ್ತು. ಶೆಂಫಾಂಗ್ ನೋಡಿದರೆ ನೀರು ಗಲೀಜಾಗಿದೆ ಎನ್ನುತ್ತಾನೆ.